ಟೈಲರಮ್ಮನಿಗೆ ನಾಲ್ಕಕ್ಕೆ ನಾಲ್ಕು

ಇದು ಶುರುವಾದದ್ದು ಬೇಸಿಗೆಯ ಕೊನೆಯಲ್ಲಿ, ಶಾಲೆ ತೆರೆಯಲು ಇನ್ನೂ ಐದು ವಾರ ಇದ್ದಾಗ, ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ. ಡ್ರೈವರಜ್ಜ ಹೊಸಿಲ ಮೇಲೆ ಕೂತು ಶೂಗೆ ಪಾಲಿಶ್ ಹಾಕುತ್ತಿದ್ದರು. ಬಸ್ಸು ಬಿಟ್ಟು ಹನ್ನೆರಡು ವರ್ಷವಾಗಿತ್ತು, ಪಾಲಿಶ್ ಬಿಟ್ಟಿರಲಿಲ್ಲ. ಮುಂದಿನ ಕೋಣೆಯಲ್ಲಿ ಅವರ ಹೆಂಡತಿ, ಬೀದಿಗೆಲ್ಲ ಟೈಲರಮ್ಮ, ಯೂನಿಫಾರಂ ಬಟ್ಟೆಯ ಥಾನು ಎತ್ತಿ ಮೇಜಿನ ಮೇಲಿಡಲು ಹೋದವರು “ಅಮ್ಮಾ” ಅಂದು ಅಲ್ಲೇ ಕುಸಿದು ಕೂತರು.

ಅವರ ಹೊಟ್ಟೆಯ ಮೇಲೆ, ಹಳೆಯ ಆಪರೇಷನ್ ಗಾಯದ ಪಕ್ಕ, ನಿಂಬೆಹಣ್ಣಿನಷ್ಟು ಒಂದು ಉಬ್ಬು ವರ್ಷಗಳಿಂದ ಇತ್ತು. ಕೆಮ್ಮಿದರೆ ಹೊರಗೆ ಬರುವುದು, ಮಲಗಿದರೆ ಒಳಗೆ ಹೋಗುವುದು. ಅವತ್ತು ಮಲಗಿದರೂ ಹೋಗಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿ ಕೂತುಬಿಟ್ಟಿತು.

ಐದೇ ನಿಮಿಷದಲ್ಲಿ ಮನೆ ಬಸ್ ಸ್ಟ್ಯಾಂಡ್ ಆಯಿತು. ಲಿಫ್ಟ್ ರಿಪೇರಿ ಮಾಡುವ ಮಗ ಹೆಗಲಿಗೇರಿಸಿದ ಟೂಲ್ ಚೀಲವನ್ನು ಕೆಳಗಿಳಿಸಿದ. ಬೇಕರಿಯ ವ್ಯಾನು ಓಡಿಸುವ ಸೊಸೆ ಬೆಳಗಿನ ಬ್ರೆಡ್ಡು ಹಂಚಿ ಆಗಷ್ಟೇ ಬಂದಿದ್ದಳು, ಚಪ್ಪಲಿ ಬಿಡದೆ ಒಳಗೆ ನುಗ್ಗಿದಳು. ಹದಿನೇಳು ವರ್ಷದ ಮೊಮ್ಮಗಳು ಹಾಸಿಗೆಯಿಂದಲೇ ಕೂಗಾಡತೊಡಗಿದಳು. ಆ ಬಾಯಿಗೆ ಬ್ರೇಕಿಲ್ಲವೆಂದು ಅವಳಿಗೆ ಪಟಪಟಿ ಎಂದು ಹೆಸರಿಟ್ಟವರು ಡ್ರೈವರಜ್ಜನೇ.

“ಎಲ್ಲಾರೂ ಒಂದ್ಸಲ ಸುಮ್ನಿರ್ತೀರಾ?” ಎಂದರು ಟೈಲರಮ್ಮ, ಮಲಗಿದ್ದಲ್ಲಿಂದಲೇ. “ಒಳಗೆ ಹೋಗ್ತಾ ಇದೆ. ನಿಮ್ಮ ಗಲಾಟೆಗೆ ಹೆದರ್ಕೊಂಡೇ ಹೋಗ್ತಾ ಇದೆ.”

ಉಬ್ಬು ಮೆತ್ತಗಾಗಿ ಒಳಗೆ ಸರಿಯಲು ಒಂದು ಗಂಟೆ ಹಿಡಿಯಿತು. ಒಂಬತ್ತಕ್ಕೆ ಆಸ್ಪತ್ರೆಗೆ ಹೊರಟರು. ವ್ಯಾನು ಬಾಗಿಲಲ್ಲೇ ನಿಂತಿದ್ದರೂ ಟೈಲರಮ್ಮ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ನಡೆದೇ ಹೊರಟರು. ಒಂದು ಗಂಟೆಗೂ ಮೀರಿದ ದಾರಿ. ಅವರು ಗಾಡಿ ಹತ್ತುವವರಲ್ಲ. ಅತ್ತೆಗೆ ನಡೆಯುವುದೆಂದರೆ ಇಷ್ಟ ಎಂದು ಸೊಸೆಗೆ ಮದುವೆಯಾಗಿ ಬಂದ ವಾರವೇ ಮನೆಯವರು ಹೇಳಿದ್ದರು, ಅವಳೂ ನಂಬಿಕೊಂಡಿದ್ದಳು.

ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಒತ್ತಿ ನೋಡಿ ಕೈ ತೊಳೆದುಕೊಂಡರು. “ಹರ್ನಿಯಾ ಇದು. ಹಳೇ ಹೊಲಿಗೆ ಒಳಗಡೆ ಬಿಟ್ಕೊಂಡಿದೆ. ಇವತ್ತು ತಾನಾಗೇ ಒಳಗೆ ಹೋಯ್ತು. ಇನ್ನೊಂದ್ಸಲ ಹೋಗ್ದೇ ಇದ್ರೆ ಕರುಳು ಸಿಕ್ಕಿಹಾಕ್ಕೊಳ್ಳುತ್ತೆ, ಜೀವಕ್ಕೇ ಅಪಾಯ. ಬೇಗ ಜಾಲರಿ ಇಟ್ಟು ಹೊಲೀಬೇಕು.”

“ತೇಪೆ ಹಾಕ್ತೀರಿ ಅನ್ನಿ,” ಎಂದರು ಟೈಲರಮ್ಮ.

“ತೇಪೇನೇ.”

“ಹಾಕಿದ್ಮೇಲೆ ಎಷ್ಟು ದಿನ ಎಳೀಬಾರ್ದು?”

ಡಾಕ್ಟರು ನಕ್ಕರು. “ಯಾರೂ ಇಷ್ಟು ಸರಿಯಾಗಿ ಕೇಳಿರ್ಲಿಲ್ಲಮ್ಮ. ಆರು ವಾರ ಭಾರ ಎತ್ತೋ ಹಾಗಿಲ್ಲ. ಮೊದಲ ದಿನಗಳಲ್ಲಿ ಜೋರಾಗಿ ಕೆಮ್ಮೋದು, ವಾಂತಿ ಮಾಡ್ಕೊಳ್ಳೋದು ಆಗ್ಬಾರ್ದು.”

ವಾಂತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟೈಲರಮ್ಮ ಎದ್ದು ಬಾಗಿಲ ಹೊರಗಿದ್ದರು.

ಡ್ರೈವರಜ್ಜನಿಗೆ ಅದು ಗೊತ್ತಾಗಲೂ ಇಲ್ಲ. ಅವರಿಗೆ ಹುರುಪು ಬಂದುಬಿಟ್ಟಿತ್ತು. ಎಷ್ಟೋ ವರ್ಷದ ಮೇಲೆ ಅವರ ಕೈಗೆ ಒಂದು ಕೆಲಸ ಸಿಕ್ಕಿತ್ತು. ಮನೆಗೆ ಬಂದವರೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಟ್ರಿಪ್ ಶೀಟು ಬರೆದು ಗೋಡೆಗೆ ಅಂಟಿಸಿದರು. ರಕ್ತ ಪರೀಕ್ಷೆ ಗುರುವಾರ ಎಂಟಕ್ಕೆ. ಎದೆಯ ಫೋಟೋ ಶುಕ್ರವಾರ. ಆಪರೇಷನ್ನಿಗೆ ಅರಿವಳಿಕೆಯ ಮತ್ತು ಕೊಡುವ ಡಾಕ್ಟರಮ್ಮನನ್ನು ನೋಡುವುದು ಮುಂದಿನ ವಾರ ಬುಧವಾರ ಹತ್ತಕ್ಕೆ. ಆಪರೇಷನ್ ಅದರ ಮುಂದಿನ ಸೋಮವಾರ, ಬೆಳಿಗ್ಗೆ ಎಂಟಕ್ಕೆ. ಯಾರು ಯಾವ ಪಾಳಿಯಲ್ಲಿ ಆಸ್ಪತ್ರೆಯಲ್ಲಿ ಕೂರಬೇಕು, ಯಾರು ಗಂಜಿ ಮಾಡಬೇಕು, ಎಲ್ಲಕ್ಕೂ ಒಂದೊಂದು ಗೆರೆ.

“ನನ್ನ ಹೆಸರು ಇದ್ರಲ್ಲಿ ಎಲ್ಲೂ ಇಲ್ವಲ್ಲ,” ಎಂದರು ಟೈಲರಮ್ಮ.

“ನೀನು ಪ್ಯಾಸೆಂಜರ್ರು ಕಣೆ. ಸುಮ್ನೆ ಕೂತಿದ್ರೆ ಆಯ್ತು.”

“ಈ ಪ್ಯಾಸೆಂಜರ್ ಬರಲ್ಲ.”

ಊಟದ ತಟ್ಟೆಗಳ ಮುಂದೆ ಜಗಳ ಹತ್ತಿಕೊಂಡಿತು. ಮಗ ಗದರಿದ, ಸೊಸೆ ಕೈ ಹಿಡಿದಳು, ಪಟಪಟಿ ಕಣ್ಣಲ್ಲಿ ನೀರು ತಂದುಕೊಂಡಳು. ಟೈಲರಮ್ಮ ಅನ್ನ ಕಲಸುತ್ತಲೇ ಇದ್ದರು.

“ಕತ್ತರಿಗೆ ನಾನು ಹೆದರಲ್ಲ. ಐವತ್ತು ವರ್ಷ ಕತ್ತರಿ ಹಿಡಿದೋಳು. ವಾಂತಿಗೆ ಹೆದರ್ತೀನಿ. ಗರ್ಭಕೋಶ ತೆಗೆದಾಗ ಎರಡು ದಿನ ಕಕ್ಕಿದೆ. ಹೊಟ್ಟೆ ಹೊಲಿಗೆ ಪಟ್ ಅಂತ ಬಿಟ್ಟಿದ್ದು ನನಗೇ ಕೇಳಿಸ್ತು. ಇಪ್ಪತ್ತು ದಿನ ಮಲಗಿಸಿದ್ರು. ಈ ಉಬ್ಬು ಅವತ್ತಿಂದು. ಮತ್ತೆ ತೇಪೆ ಹಾಕ್ಸಿ, ಮತ್ತೆ ಕಕ್ಕಿ, ಮತ್ತೆ ಹರಿಸ್ಕೊಳ್ಳೋ ಹಾಗಿದ್ರೆ ಯಾಕೆ ಬೇಕು?”

“ಅದು ನೀನು ಆಪರೇಷನ್ ದಿನ ಕದ್ದು ನೀರು ಕುಡಿದಿದ್ದಕ್ಕೆ,” ಎಂದರು ಡ್ರೈವರಜ್ಜ, ಮೊಟ್ಟೆ ಸುಲಿಯುತ್ತ. ಆ ಮಾತು ಆ ಮನೆಯಲ್ಲಿ ಮೂವತ್ತು ವರ್ಷದಿಂದ ಇತ್ತು. ಅವರ ತಾಯಿ ಮೊದಲು ಹೇಳಿದ್ದು, ಆಮೇಲೆ ಅವರು, ಆಮೇಲೆ ಎಲ್ಲರೂ.

“ಒಂದು ತೊಟ್ಟು ಕುಡಿದಿರ್ಲಿಲ್ಲ.”

“ಆಯ್ತಾಯ್ತು, ಹಳೇ ಪುರಾಣ.”

ಕೊನೆಗೆ ಸೊಸೆ ಒಂದು ದಾರಿ ಹುಡುಕಿದಳು. “ಅತ್ತೆ, ಮತ್ತು ಕೊಡೋ ಡಾಕ್ಟ್ರನ್ನೇ ಕೇಳೋಣ. ವಾಂತಿ ಬರದ ಹಾಗೆ ಮಾಡ್ತೀವಿ ಅಂತ ಅವ್ರು ಬಾಯ್ಬಿಟ್ಟು ಹೇಳಿದ್ರೆ ಹೋಗ್ತೀರಾ?”

ಟೈಲರಮ್ಮ ಕಲಸಿದ ಅನ್ನದ ಮೊದಲ ತುತ್ತು ಎತ್ತಿದರು. “ಅವ್ರು ಹೇಳಿದ್ರೆ ಹೋಗ್ತೀನಿ.”

ಆ ಎರಡನೆಯ ವಾರ ಮನೆಯಲ್ಲಿ ಹಬ್ಬವೇ. ರಕ್ತ ಚೆನ್ನಾಗಿದೆ, ಎದೆ ಚೆನ್ನಾಗಿದೆ, ಸಕ್ಕರೆ ಇಲ್ಲ. ಡ್ರೈವರಜ್ಜ ಒಂದೊಂದು ವರದಿ ಬಂದಾಗಲೂ ಶೀಟಿನ ಮೇಲೆ ಕೆಂಪು ಗೆರೆ ಎಳೆದು ಬೀದಿಗೆ ಕೇಳುವಂತೆ ಸಾರುತ್ತಿದ್ದರು. ಟೈಲರಮ್ಮ ಗಡಿಬಿಡಿಯಿಂದ ಯೂನಿಫಾರಂ ಮುಗಿಸುತ್ತಿದ್ದರು. ಮಷೀನು ಸೂರ್ಯ ಹುಟ್ಟುವ ಮೊದಲು ಶುರುವಾದರೆ ಮಧ್ಯಾಹ್ನದ ಊಟಕ್ಕೇ ನಿಲ್ಲುವುದು. ಪಟಪಟಿ ಗುಂಡಿ ಹಚ್ಚುತ್ತಿದ್ದಳು, ಸೊಸೆ ಅಡುಗೆ ವಹಿಸಿಕೊಂಡಿದ್ದಳು, ಮಗ ಥಾನು ಎತ್ತಿಡುವವನು.

ಬುಧವಾರ ಗಂಡ ಹೆಂಡಿರಿಬ್ಬರೇ ಹೋದರು. ಮತ್ತು ಕೊಡುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಒಂದೊಂದೇ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದರು. ಡ್ರೈವರಜ್ಜ ಎಲ್ಲಕ್ಕೂ ಟಿಕೆಟ್ ಹರಿದು ಕೊಟ್ಟ ಹಾಗೆ ಉತ್ತರ ಕೊಡುತ್ತಿದ್ದರು. ಬೀಡಿ ಸಿಗರೇಟು ಇಲ್ಲ. ಹಲ್ಲು ಗಟ್ಟಿ. ಮೆಟ್ಟಿಲು ಹತ್ತುತ್ತಾಳೆ.

“ಹಿಂದೆ ಆಪರೇಷನ್ ಆದಾಗ ವಾಂತಿ ಆಗಿತ್ತಾ?”

“ಅದು ಇವಳು ಕದ್ದು ನೀರು ಕುಡಿದಿದ್ದಕ್ಕೆ ಡಾಕ್ಟ್ರೇ. ಅದನ್ನ ಲೆಕ್ಕಕ್ಕೆ ತಗೋಬೇಡಿ.”

“ಬಸ್ಸು, ಕಾರಲ್ಲಿ ಹೋದ್ರೆ ಹೊಟ್ಟೆ ತೊಳಸುತ್ತಾ?”

ಡ್ರೈವರಜ್ಜ ಎದೆ ಮುಂದೆ ಮಾಡಿದರು. “ಒಳ್ಳೇ ಪ್ರಶ್ನೆ ಕೇಳಿದ್ರಿ! ಡ್ರೈವರ್ ಹೆಂಡ್ತಿ ಇವಳು. ಮೂವತ್ತೆರಡು ವರ್ಷ ಘಾಟಿ ರಸ್ತೇಲಿ ಬಸ್ಸು ಓಡ್ಸಿದೀನಿ. ನನ್ನ ಬಸ್ಸಲ್ಲಿ ಒಂದು ಪಿಳ್ಳೆ ವಾಂತಿ ಮಾಡಿಲ್ಲ.”

“ಅಜ್ಜ, ಅಮ್ಮನೇ ಹೇಳ್ಲಿ.”

ಟೈಲರಮ್ಮ ನೆಲದ ಟೈಲ್ಸು ನೋಡುತ್ತಿದ್ದರು. “ಅವರು ಹೇಳಿದ ಹಾಗೇ.”

ಡಾಕ್ಟರಮ್ಮ ‘ಇಲ್ಲ’ ಎಂದು ಬರೆದರು. ಒಂದು ಅಚ್ಚಾದ ಕಾಗದ ಕೊಟ್ಟರು. “ಇದನ್ನ ಮನೇಲಿ ಎಲ್ಲಾರೂ ಓದಿ. ಏನಾದ್ರೂ ಮರೆತಿದ್ರೆ ಶನಿವಾರ ಮಧ್ಯಾಹ್ನ ಒಂದು ಗಂಟೆ ಒಳಗೆ ಬಂದು ಹೇಳಿ. ಆಮೇಲೆ ನಾನು ಸಿಗೋದು ಆಪರೇಷನ್ ಕೋಣೇಲೇ.”

ವಾಂತಿ ತಡೆಯುವ ಮಾತನ್ನು ಯಾರೂ ಕೇಳಲಿಲ್ಲ. ಟೈಲರಮ್ಮ ದಾರಿಯುದ್ದಕ್ಕೂ ಗಂಡನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ಮನೆಗೆ ಬಂದು ಮಷೀನಿನ ಮುಂದೆ ಕೂತು, “ಸೋಮವಾರ ನಾನು ಬರಲ್ಲ,” ಎಂದು ಒಂದೇ ಸಲ ಹೇಳಿದರು. ಗುರುವಾರ ಹೇಳಲಿಲ್ಲ, ಶುಕ್ರವಾರ ಹೇಳಲಿಲ್ಲ, ಹೊಲಿಯುತ್ತಿದ್ದರು. ಉಬ್ಬು ಎರಡು ಸಲ ಹೊರಗೆ ಬಂದು ಹೋಯಿತು. ಡ್ರೈವರಜ್ಜ ಟ್ರಿಪ್ ಶೀಟಿನ ಮುಂದೆ ಪೆನ್ನು ಹಿಡಿದು ನಿಂತೇ ಇದ್ದರು, ಗೆರೆ ಎಳೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತೂವರೆ. ಮಗನಿಗೆ ರಜ. ಸೊಸೆ ಮೊದಲನೇ ಸುತ್ತು ಮುಗಿಸಿ ಬಂದು ಚಹಾಕ್ಕೆ ಬ್ರೆಡ್ಡು ಅದ್ದುತ್ತಿದ್ದಳು. ಪಟಪಟಿ ಟ್ರಿಪ್ ಶೀಟಿನ ಹಿಂದೆ ಸಿಕ್ಕಿಸಿದ್ದ ಆಸ್ಪತ್ರೆಯ ಕಾಗದ ಕಿತ್ತು ಓದತೊಡಗಿದಳು, ಓದುತ್ತ ಓದುತ್ತ ಎದ್ದು ನಿಂತಳು.

“ಅಜ್ಜಿ! ವಾಂತಿ ಯಾರಿಗೆ ಬರುತ್ತೆ ಅಂತ ಇದ್ರಲ್ಲಿ ಮಾರ್ಕ್ಸ್ ಕೊಟ್ಟಿದಾರೆ! ಹೆಂಗಸಾದ್ರೆ ಒಂದು. ಬೀಡಿ ಸಿಗರೇಟು ಸೇದದೇ ಇದ್ರೆ ಒಂದು.”

“ಸೇದಿದ್ರೆ ಬರಲ್ವೇನೆ?” ಎಂದ ಮಗ.

“ಕಮ್ಮಿಯಂತೆ. ಸುಮ್ನಿರಪ್ಪ, ಹಾಗಂತ ಈಗ ಅಜ್ಜಿಗೆ ಬೀಡಿ ಹಚ್ಚಬೇಡ. ಹಿಂದೆ ಆಪರೇಷನ್ನಲ್ಲಿ ವಾಂತಿ ಆಗಿದ್ರೆ, ಇಲ್ಲಾ ಬಸ್ಸಲ್ಲಿ ವಾಂತಿ ಬರೋ ಹಾಗಿದ್ರೆ ಒಂದು. ಆಮೇಲೆ ನೋವಿಗೆ ಜೋರು ಇಂಜೆಕ್ಷನ್ ಬೇಕಾಗೋ ಹಾಗಿದ್ರೆ ಒಂದು. ಮಾರ್ಕ್ಸ್ ಜಾಸ್ತಿ ಇದ್ದೋರಿಗೆ ಮೊದಲೇ ಔಷಧಿ ಕೊಟ್ಟು ತಡೀತಾರಂತೆ, ಒಂದಲ್ಲ, ಎರಡು ಮೂರು ಥರ! ಅಜ್ಜಿ, ನಿಂಗೆ ಎಷ್ಟು ಬರೆದಿದಾರೆ?” ಅವಳು ಕಾಗದದ ಕೆಳಗೆ ನೋಡಿದಳು. ಮುಖ ಸಪ್ಪಗಾಯಿತು. “ಮೂರನೇದಕ್ಕೆ ಸೊನ್ನೆ ಹಾಕಿದಾರೆ. ಯಾಕೆ? ನಿಂಗೆ ಎರಡು ದಿನ ವಾಂತಿ ಆಗಿತ್ತಲ್ಲ?”

“ನಿಮ್ಮಜ್ಜನ್ನ ಕೇಳು.”

“ಅದು ನೀರು ಕುಡಿದು ಆಗಿದ್ದು,” ಎಂದರು ಡ್ರೈವರಜ್ಜ.

ಸೊಸೆ ಚಹಾ ಕೆಳಗಿಟ್ಟಳು. “ಮಾವ, ನೀರನ್ನ ಬಿಡಿ. ಬಸ್ಸಿಂದು? ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಅತ್ತೆ ನನ್ನ ವ್ಯಾನ್ ಹತ್ತಿಲ್ಲ, ಆಟೋ ಹತ್ತಿಲ್ಲ. ನನ್ನ ತಮ್ಮನ ಮದುವೆಗೆ ಬೆಳಗಾಗೋ ಮುಂಚೆ ಎದ್ದು ನಡ್ಕೊಂಡು ಬಂದ್ರು. ನಿಜ ಹೇಳಿ ಅತ್ತೆ, ನಡೆಯೋದು ಇಷ್ಟ ಅಂತಲೇ ನಡೀತೀರಾ?”

ಮಷೀನು ನಿಂತಿತು. ಟೈಲರಮ್ಮ ದಾರ ಕತ್ತರಿಸಿ, ಸೂಜಿಯಿಂದ ಬಟ್ಟೆ ಬಿಡಿಸಿ, ಮಡಚಿ ಇಟ್ಟು ಈ ಕಡೆ ತಿರುಗಿದರು.

“ಯಾರಿಗೆ ಇಷ್ಟ ಇರುತ್ತೆ ನಡೆಯೋದು? ಇವ್ರಿಗೆ ಹೊಸ ಬಸ್ಸು ಕೊಟ್ಟಿದ್ರು. ಮೊದಲನೇ ಟ್ರಿಪ್ಪು. ಬಾ ಕಣೆ, ಡ್ರೈವರ್ ಹಿಂದಿನ ಸೀಟೇ ನಿಂಗೆ ಅಂತ ಕರ್ಕೊಂಡು ಹೋದ್ರು. ಒಂದು ವರ್ಷದ ಕೂಸು ತೊಡೆ ಮೇಲೆ. ಏಳನೇ ತಿರುವಲ್ಲಿ ಆಗ್ಲಿಲ್ಲ ನನ್ನ ಕೈಲಿ. ಹೊಸ ಸೀಟು, ಇವ್ರ ಬೆನ್ನು, ಇಸ್ತ್ರಿ ಮಾಡಿದ ಶರ್ಟು, ಎಲ್ಲಾದ್ರ ಮೇಲೂ ಆಯ್ತು. ಬಸ್ಸಿಗೆ ಬಸ್ಸೇ ನಕ್ತು. ಕಂಡಕ್ಟ್ರು, ಅಣ್ಣ, ಬೋಣಿ ಆಯ್ತು ಅಂದ.”

“ಬೇಡ ಬಿಡೇ ಈಗ,” ಎಂದರು ಡ್ರೈವರಜ್ಜ.

“ಇವ್ರು ಬ್ರೇಕ್ ಹಾಕಿದ್ರು. ಬಾಗ್ಲು ತೆಗೆದು, ಇಳೀರಮ್ಮ ಅಂದ್ರು. ಅಮ್ಮ ಅಂದ್ರು ಕಣ್ರೇ, ಯಾರೋ ಪರದೇಶಿಗೆ ಹೇಳೋ ಹಾಗೆ. ನಾನು ಇವ್ರ ಹೆಂಡ್ತಿ ಅಂತ ಬಸ್ಸಲ್ಲಿ ಯಾರಿಗೂ ಗೊತ್ತಾಗ್ಲೇ ಇಲ್ಲ. ಇಳಿದೆ. ಬಸ್ಸು ಹೋಯ್ತು.”

ಮಗ ನಲವತ್ತೆರಡು ವರ್ಷದವನು, ಬಾಯಿಯಲ್ಲಿದ್ದ ಬ್ರೆಡ್ಡನ್ನು ಅಗಿಯುವುದು ಮರೆತಿದ್ದ. “ಆ ಕೂಸು ನಾನಾ?”

“ಇನ್ಯಾರೋ? ನಿನ್ನ ಎತ್ಕೊಂಡೇ ಇಳಿದು ಬಂದೆ, ಏಳೂ ತಿರುವು.”

“ಅಪ್ಪ!”

“ಟೈಮ್ ಆಗಿತ್ತು ಕಣೋ! ಮೊದಲನೇ ಟ್ರಿಪ್ಪು, ಡಿಪೋದಲ್ಲಿ ದೊಡ್ಡೋರೆಲ್ಲ ಕಾಯ್ತಿದ್ರು...” ಡ್ರೈವರಜ್ಜನ ದನಿ ಅರ್ಧ ದಾರಿಯಲ್ಲೇ ನಿಂತಿತು. ಹೆಂಡತಿ ಬೈಯಲಿ ಎಂದು ಕಾದರು. ಅವರು ಬೈಯಲಿಲ್ಲ, ಬಾಬಿನ್ನಿಗೆ ದಾರ ಸುತ್ತತೊಡಗಿದರು. ಡ್ರೈವರಜ್ಜ ಗೋಡೆಯ ಗಡಿಯಾರ ನೋಡಿದರು. ಹನ್ನೊಂದೂ ಹತ್ತು.

“ಆಸ್ಪತ್ರೆಗೆ ಫೋನ್ ಹಚ್ಚೇ ಪಟಪಟಿ!”

“ಹಚ್ತಿದೀನಿ ಅಜ್ಜ, ಎಂಗೇಜು! ಮತ್ತೆ ಎಂಗೇಜು!”

“ನನ್ನ ಎರಡನೇ ಸುತ್ತು ಆ ಕಡೇನೇ,” ಎಂದಳು ಸೊಸೆ, ಕೀಲಿ ತೆಗೆದುಕೊಳ್ಳುತ್ತ. “ಒಂಬತ್ತು ಅಂಗಡಿ ಇದೆ. ಬರ್ತೀರಾದ್ರೆ ಈಗ್ಲೇ ಏಳಿ.”

ಡ್ರೈವರಜ್ಜ ಪಾಲಿಶ್ ಶೂ ಹಾಕಿಕೊಳ್ಳದೆ ಮನೆಯ ಚಪ್ಪಲಿಯಲ್ಲೇ ಓಡಿದರು. ವ್ಯಾನಿನಲ್ಲಿ ಎಂದೂ ಪಕ್ಕದ ಸೀಟಿನಲ್ಲಿ ಕೂತವರಲ್ಲ, ಅವತ್ತು ಕೂತರು. ಮೊದಲನೆ ಅಂಗಡಿ, ನಾಲ್ಕು ಟ್ರೇ. ಎರಡನೆಯದು, ಬನ್ನು ಎಣಿಸುವಾಗ ಅಂಗಡಿಯವನು ಹರಟೆಗೆ ನಿಂತ. ಮೂರನೆಯದರಿಂದ ಡ್ರೈವರಜ್ಜನೇ ಇಳಿದು ಟ್ರೇ ಹೊತ್ತರು. ಐದನೆಯ ಅಂಗಡಿಗೆ ಹನ್ನೆರಡು ಗಂಟೆ. ಏಳನೆಯದಕ್ಕೆ ಹನ್ನೆರಡೂವರೆ. ಮುಂದೆ ಕಸದ ಲಾರಿ ಅಡ್ಡ ನಿಂತಿತು.

“ಎಡಕ್ಕೆ ತಗೋ! ಎಡಕ್ಕೆ! ಎರಡನೇ ಗೇರಲ್ಲಿ ಬಾ!”

“ಮಾವ, ನಾನು ಓಡಿಸ್ತಿದೀನಿ.”

“ಓಡಿಸು ತಾಯಿ, ಓಡಿಸು. ಉಳಿದೆರಡು ಅಂಗಡಿ ಆಮೇಲೆ ನೋಡ್ಕೋ, ನನ್ನನ್ನ ಮೊದ್ಲು ಇಳಿಸು.”

“ಬ್ರೆಡ್ಡು ಲೇಟಾದ್ರೆ ಮಾಲೀಕ ನನ್ನ ಕಿವಿ ಹಿಂಡ್ತಾನೆ.”

“ನನ್ನ ಕಿವಿ ಕೊಡ್ತೀನಿ!”

ಹನ್ನೆರಡೂ ಐವತ್ತಕ್ಕೆ ಅವರು ಕಾರಿಡಾರಿನ ತುದಿ ಮುಟ್ಟಿದರು, ಹಿಂದೆಯೇ ಸೊಸೆ. ಡಾಕ್ಟರಮ್ಮನ ಬಾಗಿಲ ಮುಂದೆ ಹತ್ತು ಹನ್ನೆರಡು ಜನ. ಏದುಸಿರು ಬಿಡುತ್ತಿದ್ದ ಡ್ರೈವರಜ್ಜನನ್ನು ಬೆಂಚಿನ ಮೇಲಿದ್ದ ಒಬ್ಬ ಗಡ್ಡದವನು ಗುರುತು ಹಿಡಿದ.

“ಓಹೋ, ಡ್ರೈವರ್ ಸಾರ್! ಘಾಟಿ ಬಸ್ಸಿನೋರು!” ಪಕ್ಕದವರಿಗೆ ತೋರಿಸಿದ. “ಇವ್ರ ಬಸ್ಸಲ್ಲಿ ಕೂತ್ರೆ ತೊಟ್ಟಿಲಲ್ಲಿ ಕೂತ ಹಾಗೆ. ಒಬ್ಬರಿಗೂ ತಲೆ ಸುತ್ತಿದ್ದಿಲ್ಲ!”

ಅಷ್ಟರಲ್ಲಿ ಡಾಕ್ಟರಮ್ಮ ಚೀಲ ಹಿಡಿದು ಹೊರಗೆ ಬಂದರು. ಕೊನೆಯವರಿಬ್ಬರನ್ನು ನೋಡಿ ಹೊರಡುವುದಾಗಿ ಯಾರಿಗೋ ಹೇಳುತ್ತಿದ್ದರು. ಬಾಗಿಲೊಳಗೆ ಕರೆದು ಕೂರಿಸಿ ಕೇಳುವ ಹೊತ್ತು ಅದಲ್ಲ.

“ಡಾಕ್ಟ್ರಮ್ಮಾ!” ಎಂದರು ಡ್ರೈವರಜ್ಜ. ಬೆಟ್ಟದ ಮೇಲೆ ಎದುರು ಲಾರಿಯವನಿಗೆ ಕೂಗಿದಂಥ ದನಿ. “ಸೋಮವಾರದ ಹರ್ನಿಯಾ. ನಾನು ಸುಳ್ಳು ಹೇಳಿದೆ. ನನ್ನ ಹೆಂಡ್ತಿ ಬಸ್ಸಲ್ಲಿ ವಾಂತಿ ಮಾಡ್ತಾಳೆ. ಯಾವ ಗಾಡೀನೂ ಆಗಲ್ಲ ಅವಳಿಗೆ.” ಗಡ್ಡದವನ ಕಡೆ ಒಮ್ಮೆ ನೋಡಿದರು. “ನನ್ನ ಬಸ್ಸಲ್ಲೇ ಮಾಡಿದ್ಲು. ನನ್ನ ಬೆನ್ನ ಮೇಲೇ. ಹಿಂದಿನ ಆಪರೇಷನ್ನಲ್ಲೂ ಎರಡು ದಿನ ಮಾಡಿದ್ಲು, ಹೊಲಿಗೆ ಬಿಟ್ಟೋಯ್ತು. ನೀರು ಕುಡಿದಿದ್ಲೋ ಇಲ್ವೋ ನಾನು ನೋಡಿಲ್ಲ. ನೋಡ್ದೇನೇ ಹೇಳ್ದೆ.”

ಡಾಕ್ಟರಮ್ಮ ಚೀಲವನ್ನು ಕುರ್ಚಿಯ ಮೇಲಿಟ್ಟು ಪೆನ್ನು ತೆಗೆದರು.

“ನೀರು ಕುಡಿದಿದ್ದಕ್ಕೆ ಎರಡು ದಿನ ವಾಂತಿ ಆಗಲ್ಲ ಅಜ್ಜ. ಆ ಗ್ಯಾಸಿಗೆ, ನೋವಿನ ಇಂಜೆಕ್ಷನ್ನಿಗೆ, ಅವರ ಮೈಗೆ ಆಗಿಬರಲಿಲ್ಲ, ಅಷ್ಟೇ. ಬಸ್ಸಲ್ಲಿ ವಾಂತಿ ಬರೋರಿಗೆ ಇದೂ ಬರೋದು ಜಾಸ್ತಿ. ಅದಕ್ಕೇ ಕೇಳಿದ್ದು.”

“ತಡೀಬಹುದಾ?”

“ಪೂರ್ತಿ ಬರೋದೇ ಇಲ್ಲ ಅಂತ ಬರೆದು ಕೊಡಕ್ಕಾಗಲ್ಲ. ಬಹಳ ಮಟ್ಟಿಗೆ ತಡೀಬಹುದು, ಗೊತ್ತಿದ್ರೆ. ಗ್ಯಾಸ್ ಬೇಡ, ಕೈ ನರದಲ್ಲೇ ಔಷಧಿ ಹರಿಸಿ ನಿದ್ದೆ ಮಾಡಿಸ್ತೀನಿ. ಶುರುವಿಗೆ ಒಂದು ಔಷಧಿ, ಮುಗಿಯೋ ಹೊತ್ತಿಗೆ ಇನ್ನೊಂದು. ನೋವಿಗೆ ಹೊಟ್ಟೆ ಸುತ್ತ ಜೋಮು ಹಿಡಿಸ್ತೀನಿ, ಆಗ ಜೋರು ಇಂಜೆಕ್ಷನ್ ಕಮ್ಮಿ ಸಾಕು. ಅದಾದ್ಮೇಲೂ ಬಂದ್ರೆ ಕೊಡಕ್ಕೆ ಬೇರೆ ಥರದ್ದೊಂದು ತೆಗೆದಿಟ್ಟಿರ್ತೀನಿ. ವಯಸ್ಸಾದವರಿಗೆ ಎಲ್ಲಾ ಔಷಧೀನೂ ಸುರಿಯಕ್ಕಾಗಲ್ಲ, ಕೆಲವು ತಲೆ ಮಂಕು ಮಾಡ್ತವೆ. ಆರಿಸಿ ಕೊಡಬೇಕು. ಹೇಳಿದ್ದು ಒಳ್ಳೇದಾಯ್ತು.” ಬರೆದು ಮುಗಿಸಿ ತಲೆಯೆತ್ತಿದರು. “ಬೆಳಿಗ್ಗೆ ಆರರ ತನಕ ಬರೀ ನೀರು ಕುಡೀಬಹುದು. ಕುಡಿಸಿ. ಒಣಗಿಸಿ ಕರ್ಕೊಂಡು ಬರಬೇಡಿ.”

ಗಡ್ಡದವನು ಮೆಲ್ಲಗೆ ಎದ್ದು ನಿಂತ. “ಡಾಕ್ಟ್ರೇ, ನಮ್ಮವ್ವಂಗೂ ಬಸ್ಸು ಆಗಲ್ಲ. ನಾಡಿದ್ದು ಪಿತ್ತಕೋಶದ ಕಲ್ಲು. ನಾವೂ ಹೇಳಿರ್ಲಿಲ್ಲ.”

ಡ್ರೈವರಜ್ಜ ಉಳಿದೆರಡು ಅಂಗಡಿಗೆ ಬ್ರೆಡ್ಡು ಹೊತ್ತು, ಎರಡು ಗಂಟೆಗೆ ಮನೆಗೆ ಬಂದರು. ಟೈಲರಮ್ಮ ಕಾಲರು ಹೊಲಿಯುತ್ತಿದ್ದರು.

“ಹೇಳಿ ಬಂದೆ. ಎಲ್ಲಾರ ಎದುರಿಗೂ ಹೇಳಿದೆ. ಏನೇನು ಮಾಡ್ತಾರೆ ಅಂತ ಸೊಸೆ ಬರ್ಕೊಂಡಿದಾಳೆ. ಆಮೇಲೆ, ನೀರಿಂದ ಅಲ್ಲವಂತೆ ಕಣೆ.”

“ಮೂವತ್ತು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೆ. ನಾನು ಡಾಕ್ಟ್ರಲ್ವಲ್ಲ.”

“ತಪ್ಪಾಯ್ತು.”

ಮಷೀನು ಕಾಲರಿನ ಮೂಲೆಯವರೆಗೆ ಓಡಿ ನಿಂತಿತು. “ಯಾವ ತಪ್ಪು? ನೀರಿಂದೋ, ಬಸ್ಸಿಂದೋ?”

“ಎರಡೂ.”

“ಸೋಮವಾರ ಎಷ್ಟು ಹೊತ್ತಿಗೆ ಹೊರಡ್ಬೇಕು?”

ಪಟಪಟಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆಗೆದರು. ಅವಳು ಸೊನ್ನೆಯನ್ನು ಹೊಡೆದು ಹಾಕಿ ಪಕ್ಕದಲ್ಲಿ ದೊಡ್ಡದಾಗಿ ಒಂದು ಬರೆದಳು. “ನಾಲ್ಕಕ್ಕೆ ನಾಲ್ಕು! ಅಜ್ಜಿ ಇಡೀ ಆಸ್ಪತ್ರೆಗೇ ಫಸ್ಟು!”

ಸೋಮವಾರ ಬೆಳಿಗ್ಗೆ ಐದೂ ಮುಕ್ಕಾಲಕ್ಕೆ ಎಲ್ಲರೂ ಎದ್ದು ಅಡುಗೆಮನೆಯಲ್ಲಿದ್ದರು. ಡ್ರೈವರಜ್ಜ ಅಭ್ಯಾಸಬಲದಿಂದ ನೀರಿನ ಕೊಡಕ್ಕೆ ಬೆನ್ನು ಕೊಟ್ಟು ಕಾವಲು ನಿಂತಿದ್ದರು. ಪಟಪಟಿ ಅವರನ್ನು ಪಕ್ಕಕ್ಕೆ ಸರಿಸಿ ಲೋಟ ತುಂಬಿಸಿದಳು.

“ಕುಡಿ ಅಜ್ಜಿ. ಎಲ್ಲಾರ ಎದುರಿಗೇ ಕುಡಿ.”

ಟೈಲರಮ್ಮ ಗಂಡನ ಮುಖ ನೋಡುತ್ತ, ಒಂದೇ ಉಸಿರಿಗಲ್ಲ, ನಿಧಾನವಾಗಿ, ಗುಟುಕು ಗುಟುಕಾಗಿ ಪೂರ್ತಿ ಲೋಟ ಖಾಲಿ ಮಾಡಿ ಬೋರಲು ಹಾಕಿದರು.

ಅವತ್ತೂ ಆಸ್ಪತ್ರೆಗೆ ನಡೆದೇ ಹೋದರು. ಎಂಟಕ್ಕೆ ಆಪರೇಷನ್ ಕೋಣೆಯೊಳಗೆ ಕರೆದುಕೊಂಡು ಹೋದರು. ಹತ್ತೂವರೆಗೆ ಆಚೆ ಬಂತು ಗಾಲಿಮಂಚ. ಟೈಲರಮ್ಮ ಕಣ್ಣು ಬಿಟ್ಟು, “ಮುಗೀತಾ?” ಎಂದರು, ಮತ್ತೆ ಮುಚ್ಚಿದರು. ದೊಡ್ಡ ಡಾಕ್ಟರು ತೇಪೆ ಚೆನ್ನಾಗಿ ಕೂತಿದೆ ಎಂದು ಹೇಳಿ ಹೋದರು. ಡ್ರೈವರಜ್ಜ ಹೊಸ ಪ್ಲಾಸ್ಟಿಕ್ ಬೋಗುಣಿಯನ್ನು ಸ್ಟೇರಿಂಗಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಮಂಚದ ಪಕ್ಕ ಕೂತರು. ಹನ್ನೊಂದು ಆಯಿತು. ಹನ್ನೆರಡು ಆಯಿತು. ಕಾಲು ಗಂಟೆಗೊಂದು ಸಲ ಕೇಳುವರು: “ತೊಳಸ್ತಿದೆಯೇನೆ?”

“ಅಜ್ಜ, ಹೀಗೆ ಕೇಳ್ತಿದ್ರೆ ನನಗೇ ತೊಳಸುತ್ತೆ,” ಎಂದಳು ನರ್ಸಮ್ಮ. “ಕೆಳಗೆ ಹೋಗಿ ಚಹಾ ಕುಡಿದು ಬನ್ನಿ.”

ಅವರು ಕದಲಲಿಲ್ಲ.

ಎರಡೂವರೆಗೆ ಟೈಲರಮ್ಮ ಹುಬ್ಬು ಗಂಟಿಕ್ಕಿದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಕೈ ಹೊಟ್ಟೆಯ ಮೇಲೆ ಹೋಯಿತು. “ರೀ. ಒಂಥರಾ ಆಗ್ತಿದೆ.”

ಬೋಗುಣಿ ನೆಲಕ್ಕೆ ಬಿದ್ದು ಸದ್ದು ಮಾಡಿತು. “ನರ್ಸಮ್ಮಾ! ಬಂತು! ಬಂತು!” ಸೊಸೆ ಬಾಗಿಲಿಗೆ ಓಡಿದಳು, ಪಟಪಟಿ ಅಜ್ಜಿಯ ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದಳು, ಅದು ಹೇಗೆಂದು ನರ್ಸಮ್ಮ ಬೆಳಿಗ್ಗೆಯೇ ಕಲಿಸಿದ್ದಳು. ನರ್ಸಮ್ಮ ಬಂದು ಔಷಧಿ ಪಟ್ಟಿ ನೋಡಿದ್ದಷ್ಟೇ, ಯಾರಿಗೂ ಫೋನು ಮಾಡಲಿಲ್ಲ. ಡಾಕ್ಟರಮ್ಮ ಶನಿವಾರ ಬರೆದಿಟ್ಟಿದ್ದ ಬೇರೆ ಥರದ ಔಷಧಿ ಸಿದ್ಧವಾಗಿತ್ತು. ಕೈಯ ನಳಿಕೆಯಲ್ಲಿ ನಿಧಾನವಾಗಿ ಬಿಟ್ಟಳು. “ಮೂಗಲ್ಲಿ ಉಸಿರು ಎಳ್ಕೊಳ್ಳಿ ಅಮ್ಮ. ಬಾಯಲ್ಲಿ ಬಿಡಿ. ನನ್ನ ಜೊತೆ.”

ನರ್ಸಮ್ಮನ ಜೊತೆ ಟೈಲರಮ್ಮ ಉಸಿರೆಳೆದರು. ಅವರ ಜೊತೆ ಸೊಸೆ, ಪಟಪಟಿ, ಡ್ರೈವರಜ್ಜ, ಎದುರು ಮಂಚದ ಗಡ್ಡದವನ ತಾಯಿ, ವಾರ್ಡಿಗೆ ವಾರ್ಡೇ ಉಸಿರೆಳೆದು ಬಿಟ್ಟಿತು. ಐದು ನಿಮಿಷ. ಹತ್ತು ನಿಮಿಷ. ಹಣೆಯ ಬೆವರು ಆರಿತು.

“ಹೋಯ್ತು,” ಎಂದರು ಟೈಲರಮ್ಮ, ತಮಗೇ ನಂಬಿಕೆಯಾಗದವರ ಹಾಗೆ. “ಬಂದು, ಹಾಗೇ ವಾಪಸ್ ಹೋಯ್ತು.”

ಸಂಜೆ ಐದಕ್ಕೆ ಎರಡು ಗುಟುಕು ನೀರು. ಆರಕ್ಕೆ ತೆಳ್ಳನೆ ಗಂಜಿ. ಏಳಕ್ಕೆ ಮಗ ಕೆಲಸದಿಂದ ನೇರ ಬಂದಾಗ ಅವರು ದಿಂಬಿಗೊರಗಿ ಸೊಸೆಯ ಬೇಕರಿಯ ರಸ್ಕು ಕಡಿಯುತ್ತಿದ್ದರು. ಮಗ ಅಲ್ಲೇ ಬಾಗಿಲಲ್ಲಿ ನಿಂತು ಅತ್ತುಬಿಟ್ಟ.

“ರಸ್ಕು ತಿಂದಿದ್ದಕ್ಕೆ ಅಳ್ತಾರೇನೋ? ನಿಂಗೂ ಇಟ್ಟಿದೀನಿ, ಬಾ.”

ಮಂಗಳವಾರ ಡಾಕ್ಟರಮ್ಮ ಬಂದು ಗಟ್ಟಿ ಕಾಗದದ ಚೀಟಿಯೊಂದನ್ನು ಕೊಟ್ಟರು. ಮುಂದೆ ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ ಆದರೂ ಮೊದಲು ಇದನ್ನು ತೋರಿಸಬೇಕು ಎಂದು ಹೇಳಿದರು. ಟೈಲರಮ್ಮನ ಕನ್ನಡಕ ಮನೆಯಲ್ಲಿತ್ತು.

“ಓದಿ,” ಎಂದು ಗಂಡನ ಕೈಗೆ ಕೊಟ್ಟರು. “ಜೋರಾಗಿ.”

ಡ್ರೈವರಜ್ಜ ಚೀಟಿಯನ್ನು ಬೆಳಕಿಗೆ ಹಿಡಿದರು. “ಹಿಂದಿನ ಆಪರೇಷನ್ನಿನಲ್ಲಿ ವಾಂತಿ: ಹೌದು. ಎರಡು ದಿನ. ಬಸ್ಸಿನಲ್ಲಿ ವಾಂತಿ: ಹೌದು. ಗ್ಯಾಸ್ ಬೇಡ. ಮೊದಲೇ ಎರಡು ಬಗೆಯ ಔಷಧಿ...”

“ಯಾರ ಬಸ್ಸು ಅಂತ ಇದೆಯಾ?”

“ಅದನ್ನೆಲ್ಲ ಬರೀತಾರೇನೆ?”

“ಬರೆಸ್ಕೊಂಡು ಬನ್ನಿ.”

ಪಟಪಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಡ್ರೈವರಜ್ಜ ಒಮ್ಮೆ ಹೆಂಡತಿಯನ್ನು ನೋಡಿದರು, ಒಮ್ಮೆ ಚೀಟಿಯನ್ನು ನೋಡಿದರು, ಕಾರಿಡಾರಿನಲ್ಲಿ ಡಾಕ್ಟರಮ್ಮನ ಹಿಂದೆ ಓಡಿದರು. ತಿರುಗಿ ಬಂದಾಗ ಚೀಟಿಯ ಅಂಚಿನಲ್ಲಿ ಒಂದು ಸಾಲು ಜಾಸ್ತಿಯಾಗಿತ್ತು. ಅದನ್ನು ಅವರೇ ಓದಿದರು, ಎದುರು ಮಂಚಕ್ಕೂ ಕೇಳುವಂತೆ: “ಗಂಡ ಓಡಿಸುತ್ತಿದ್ದ ಬಸ್ಸಿನಲ್ಲಿ.”

ಟೈಲರಮ್ಮ ಚೀಟಿ ಇಸಿದುಕೊಂಡು ದಿಂಬಿನ ಕೆಳಗಿಟ್ಟರು. ನಗಬಾರದು, ಹೊಲಿಗೆ ಎಳೆಯುತ್ತದೆ ಎಂದು ನರ್ಸಮ್ಮ ಹೇಳಿದ್ದಳು. ಆದರೂ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಕ್ಕರು.

ಮರುದಿನ ಹೊರಡುವ ಅರ್ಧ ಗಂಟೆ ಮೊದಲು ಡಾಕ್ಟರಮ್ಮ ಹೇಳಿದ್ದ ವಾಂತಿ ತಡೆಯುವ ಗುಳಿಗೆ ನುಂಗಿಸಿದರು. ಟೈಲರಮ್ಮ ವ್ಯಾನಿನ ಮುಂದಿನ ಸೀಟಿನಲ್ಲಿ, ಕಿಟಕಿ ಪೂರ್ತಿ ಇಳಿಸಿಕೊಂಡು, ಹೊಟ್ಟೆಗೆ ದಿಂಬು ಒತ್ತಿಕೊಂಡು, ದೂರದ ಮರವೊಂದರ ಮೇಲೆ ಕಣ್ಣಿಟ್ಟು ಕೂತರು. ಡ್ರೈವರಜ್ಜ ಸ್ಟೇರಿಂಗಿನ ಕಡೆ ಹೋದರು.

“ನೀವಲ್ಲ,” ಎಂದರು ಟೈಲರಮ್ಮ. “ಅವಳು ಓಡಿಸ್ತಾಳೆ.”

ಡ್ರೈವರಜ್ಜ ಹಿಂದಕ್ಕೆ ಹೋಗಿ ಖಾಲಿ ಟ್ರೇಗಳ ನಡುವೆ ಮೊಮ್ಮಗಳ ಪಕ್ಕ ಕೂತು, ಒಳಗಿನಿಂದ ಬಾಗಿಲು ಎಳೆದುಕೊಂಡರು. ಸೊಸೆ ಮೊದಲನೇ ಗೇರು ಹಾಕಿದಳು. ಟೈಲರಮ್ಮ ಆಸ್ಪತ್ರೆ ಬಿಟ್ಟು ಹೊರಟದ್ದು ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.